ಆಯುಧಪೂಜೆಯಲ್ಲಿ ಹೂವು ಸಿಗದ ಆಯುಧ

ಮಾನ್ಯ ಸಂಪಾದಕರೇ,

ಶಿವಮೊಗ್ಗದ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ 31 ವರ್ಷ ಲ್ಯಾಬ್ ಅಸಿಸ್ಟೆಂಟ್ ಆಗಿದ್ದವಳು ನಾನು. ಈಗ ತೀರ್ಥಹಳ್ಳಿ ಕಡೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಆಯುಧಪೂಜೆ ಬಂತೆಂದರೆ ಲ್ಯಾಬಿನ ಸಾಮಾನು ಒರೆಸಿ ಅರಿಶಿನ, ಕುಂಕುಮ ಇಡುವ ಕೆಲಸ ನನ್ನದೇ. ಮೈಕ್ರೋಸ್ಕೋಪಿಗೆ ಸೇವಂತಿಗೆ, ಆಟೊಕ್ಲೇವಿಗೆ ಚೆಂಡುಹೂವು, ಕಂಪ್ಯೂಟರ್ ಮಾನಿಟರಿನ ನೆತ್ತಿಗೂ ಒಂದು ಹೂವು. (ಲೆನ್ಸಿಗೆ ಕುಂಕುಮ ತಾಗಿಸಬೇಡಿ ಅಂತ ಪ್ರತಿ ವರ್ಷ ಕೂಗಿಕೊಳ್ಳಬೇಕಿತ್ತು.) ಆದರೆ ಆ ಲ್ಯಾಬಿನಲ್ಲಿ ಎಲ್ಲಕ್ಕಿಂತ ಜಾಸ್ತಿ ದುಡಿದ ಆಯುಧಕ್ಕೆ ಒಂದು ವರ್ಷವೂ ಹೂವು ಏರಲಿಲ್ಲ. ಏರಿಸುವುದಕ್ಕೆ ಅದಕ್ಕೆ ತಲೆಯೇ ಇಲ್ಲ. ಮೈಕ್ರೋಸ್ಕೋಪಿನ ಫೋಟೋಗಳನ್ನು ಎಣಿಸಿ ಅಳೆದುಕೊಡುವ ಇಮೇಜ್‌ಜೆ ಅನ್ನುವ ಸಾಫ್ಟ್‌ವೇರ್ ಅದು.

ದಸರಾ ಮುಗಿದರೆ ರಾಜ್ಯೋತ್ಸವ ಪ್ರಶಸ್ತಿ ಯಾರಿಗೆ ಅನ್ನುವ ಮಾತು ಶುರುವಾಗುತ್ತದೆ. ಇಂಥ ಸಾಫ್ಟ್‌ವೇರ್ ಬರೆಯುವವರನ್ನೂ ಗೌರವಿಸಿ ಅಂತ ಕೇಳುವುದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕೆಲಸ ಹೇಗಿತ್ತು ಹೇಳುತ್ತೇನೆ. ಅಡಿಕೆಗೆ ಎಲೆಚುಕ್ಕಿ ರೋಗ ತರುವ ಶಿಲೀಂಧ್ರಗಳಲ್ಲಿ ಮುಖ್ಯವಾದದ್ದು ಕೊಲೆಟೋಟ್ರೈಕಮ್. ಅದರ ಬೀಜಾಣುಗಳನ್ನು ಎಣಿಸಲು ಗೆರೆ ಕೊರೆದ ಗಾಜಿನ ಸ್ಲೈಡ್ ಇರುತ್ತದೆ. ಎಡಗೈಯಲ್ಲಿ ಮೈಕ್ರೋಸ್ಕೋಪಿನ ತಿರುಪು, ಬಲಗೈಯಲ್ಲಿ ಟಕ್ ಟಕ್ ಅನ್ನುವ ಎಣಿಕೆ ಯಂತ್ರ. ಚೌಕದ ಮೇಲಿನ ಗೆರೆ, ಎಡಗಡೆ ಗೆರೆಯ ಮೇಲೆ ಕೂತ ಬೀಜಾಣು ಲೆಕ್ಕಕ್ಕೆ. ಕೆಳಗಿನ ಗೆರೆ, ಬಲಗಡೆ ಗೆರೆಯ ಮೇಲಿನದು ಲೆಕ್ಕಕ್ಕಿಲ್ಲ. ನಮ್ಮೂರಿನ ಬೇಲಿ ಜಗಳಗಳಿಗೂ ಇಷ್ಟು ಸರಳ ಕಾನೂನು ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮಧ್ಯೆ ಯಾರಾದರೂ ಟೀ ಕುಡೀತೀರಾ ಅಂತ ಕೇಳಿದರೆ ಮುಗಿಯಿತು, ಮತ್ತೆ ಒಂದರಿಂದ. ಎಲೆಯ ಮೇಲಿನ ಚುಕ್ಕಿಯ ಅಳತೆಗೆ ಗ್ರಾಫ್ ಹಾಳೆ. ಎಲೆ ಇಟ್ಟು ಪೆನ್ಸಿಲ್ ಎಳೆದು ಚೌಕ ಎಣಿಸುವುದು. ಅರ್ಧಕ್ಕಿಂತ ಜಾಸ್ತಿ ತುಂಬಿದ್ದರೆ ಒಂದು, ಕಮ್ಮಿ ಇದ್ದರೆ ಸೊನ್ನೆ.

2009ರಲ್ಲಿ ಬೆಂಗಳೂರಿನಿಂದ ಬಂದ ಒಬ್ಬ ವಿದ್ಯಾರ್ಥಿ ಪೆನ್‌ಡ್ರೈವಿನಲ್ಲಿ ಇಮೇಜ್‌ಜೆ ತಂದುಕೊಟ್ಟ. ದುಡ್ಡು ಎಷ್ಟು ಅಂದೆ. ಏನೂ ಇಲ್ಲ ಮೇಡಂ ಅಂದ. ನಂಬಿಕೆ ಬರಲಿಲ್ಲ. ಸುಮ್ನೆ ಕೊಡುವ ಸಾಮಾನು ಎಷ್ಟು ದಿನ ಬಂದೀತು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ನಾನು ನಿವೃತ್ತಿಯಾಗುವವರೆಗೂ ಬಂತು.

ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ ಗಾಜಿನ ಅಳತೆಪಟ್ಟಿಯ ಫೋಟೋ ತೆಗೆದು ತೋರಿಸಿದರೆ, ಚಿತ್ರದ ಎಷ್ಟು ಪಿಕ್ಸೆಲ್‌ಗೆ (ಫೋಟೋ ಕೂಡಿರುವ ಸಣ್ಣ ಸಣ್ಣ ಚೌಕ) ಎಷ್ಟು ಅಳತೆ ಅಂತ ಅದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಬೀಜಾಣುಗಳ ಫೋಟೋ ಕೊಟ್ಟರೆ ಎಣಿಸಿ, ಒಂದೊಂದರ ಉದ್ದ, ಅಗಲ ಪಟ್ಟಿ ಮಾಡಿಕೊಡುತ್ತದೆ. ಕಣ್ಮುಚ್ಚಿ ನಂಬುವ ಹಾಗಿಲ್ಲ. ಧೂಳನ್ನೂ ಬೀಜಾಣು ಅಂತ ಎಣಿಸುತ್ತದೆ, ಇಷ್ಟಕ್ಕಿಂತ ಸಣ್ಣದನ್ನು ಬಿಡು ಅಂತ ನಾವೇ ಹೇಳಬೇಕು.

ಎರಡು ಬೀಜಾಣು ಅಂಟಿಕೊಂಡಿದ್ದರೆ ಏನು ಮಾಡುತ್ತದೆ ಗೊತ್ತಾ? ಅದಕ್ಕೆ ವಾಟರ್‌ಶೆಡ್ ಅನ್ನುವ ಆಜ್ಞೆ ಇದೆ. ಚಿತ್ರವನ್ನು ಬೆಟ್ಟ, ಗುಂಡಿ ಇರುವ ನೆಲ ಅಂತ ತಿಳಿದು, ಗುಂಡಿಗಳಿಗೆ ನೀರು ತುಂಬಿಸುತ್ತಾ ಹೋಗುವುದು. ಒಂದು ಗುಂಡಿಯ ನೀರು ಪಕ್ಕದ ಗುಂಡಿಯ ನೀರನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಗಡಿ. 1979ರಲ್ಲಿ ಫ್ರಾನ್ಸಿನ ಸರ್ಜ್ ಬೂಷೆ ಮತ್ತು ಕ್ರಿಸ್ತಿಯಾನ್ ಲಾಂಟ್ಯೂಜೂಲ್ ಇದನ್ನು ಚಿತ್ರಗಳಿಗೆ ಹೊಂದಿಸಿದರು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆಯ ನೆತ್ತಿಯ ಮೇಲೆ ಬಿದ್ದ ಮಳೆ ಒಂದು ಮಗ್ಗುಲಿಗೆ ಸೀತಾನದಿಗೆ ಇಳಿದು ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿಗೆ ತುಂಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದಲ್ಲ, ಆ ನೆತ್ತಿಯ ಗೆರೆಯೇ ಅದು. ಅಂಟಿಕೊಂಡ ಬೀಜಾಣುಗಳ ಮಧ್ಯೆ ಕೂದಲೆಳೆಯ ಗೆರೆ ಮೂಡಿದ್ದನ್ನು ಮೊದಲ ಸಲ ನೋಡಿದಾಗ ಎದ್ದುಹೋಗಿ ಪಕ್ಕದ ಲ್ಯಾಬಿನವರನ್ನೂ ಕರೆದುಕೊಂಡು ಬಂದಿದ್ದೆ.

ಇಮೇಜ್‌ಜೆ ಬರೆದವರು ವೇಯ್ನ್ ರಾಸ್‌ಬ್ಯಾಂಡ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದವರು. ನಮ್ಮ ಕುವೆಂಪು ವಿಶ್ವವಿದ್ಯಾಲಯ ಶುರುವಾದ 1987ರಲ್ಲೇ ಅವರು ಮೊದಲ ಆವೃತ್ತಿಗೆ ಕೈ ಹಚ್ಚಿದ್ದು. ಅದು ಮ್ಯಾಕಿಂಟಾಷ್ ಇದ್ದವರಿಗೆ ಮಾತ್ರ. ಎಲ್ಲ ಥರದ ಕಂಪ್ಯೂಟರಿನಲ್ಲೂ ಓಡಲಿ ಅಂತ 1997ರಲ್ಲಿ ಜಾವಾ ಭಾಷೆಯಲ್ಲಿ ಹೊಸದಾಗಿ ಬರೆದರು. ಹಕ್ಕು ಇಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. 2010ರಲ್ಲಿ ನಿವೃತ್ತಿಯಾದ ಮೇಲೂ ಅದರ ಕೆಲಸ ಬಿಡಲಿಲ್ಲ. ನಿವೃತ್ತಿ ಅಂದರೆ ಏನು ಅಂತ ನನಗೆ ಈಗ ಗೊತ್ತು, ಅದಕ್ಕೇ ಈ ವಿಷಯ ಕೇಳಿ ಸ್ವಲ್ಪ ನಾಚಿಕೆಯೂ ಆಯಿತು. ಹೀಗೆ ಇನ್ನೂ ಕೆಲವರಿದ್ದಾರೆ. ಆನ್ ಕಾರ್ಪೆಂಟರ್ ಜೀವಕೋಶ ವಿಜ್ಞಾನಿ. ತಮ್ಮ ಸಾವಿರಾರು ಚಿತ್ರಗಳನ್ನು ಅಳೆಯಲು ದಾರಿ ಕಾಣದೆ ತಾವೇ ಪ್ರೋಗ್ರಾಂ ಬರೆಯುವುದು ಕಲಿತು, ಥೌಯಿಸ್ ಜೋನ್ಸ್ ಜೊತೆ ಸೇರಿ 2005ರಲ್ಲಿ ಸೆಲ್‌ಪ್ರೊಫೈಲರ್ ಅನ್ನುವ ಸಾಫ್ಟ್‌ವೇರ್ ಹೊರತಂದರು.

ನಮಗೆ ಒಮ್ಮೆ ಆದ ಫಜೀತಿ ಕೇಳಿ. ಒಂದು ಕಂಪನಿಯ ಕ್ಯಾಮೆರಾ ತಂದಿದ್ದೆವು. ಅದರ ಫೋಟೋ ತೆರೆಯಬೇಕೆಂದರೆ ಅವರದೇ ಸಾಫ್ಟ್‌ವೇರ್, ಅದಕ್ಕೊಂದು ಯುಎಸ್‌ಬಿ ಬೀಗ. ಮಳೆಗಾಲದಲ್ಲಿ ಆ ಬೀಗ ಕೆಟ್ಟಿತು. ಹೊಸದಕ್ಕೆ ಕೇಳಿದ ದುಡ್ಡಿಗೆ ವಿಭಾಗದ ವರ್ಷದ ಗಾಜಿನ ಸಾಮಾನು ಬರುತ್ತಿತ್ತು. ಎರಡು ವರ್ಷದ ಫೋಟೋ ನಮ್ಮವೇ, ಆದರೆ ನೋಡುವ ಹಾಗಿಲ್ಲ. ಕೊನೆಗೆ ಬಯೋ-ಫಾರ್ಮ್ಯಾಟ್ಸ್ ಅನ್ನುವ ಮುಕ್ತ ಸಾಫ್ಟ್‌ವೇರ್ ಹಾಕಿ ತೆರೆದೆವು. ಅದು 150ಕ್ಕೂ ಹೆಚ್ಚು ಬಗೆಯ ಕಡತಗಳನ್ನು ಓದುತ್ತದೆ. ಇಂಥ ಕೆಲಸದ ಮುಂದಾಳುಗಳಲ್ಲಿ ಒಬ್ಬರು ಸ್ಕಾಟ್ಲೆಂಡಿನ ಡಂಡೀಯಲ್ಲಿರುವ ಜೇಸನ್ ಸ್ವೆಡ್‌ಲೋ. ಅವರಿಗೆ ಬ್ರಿಟನ್ ಒಬಿಇ ಗೌರವ ಕೊಟ್ಟಿದೆ. ಮನಸ್ಸಿದ್ದರೆ ಕೊಡಬಹುದು ಅಂತಾಯಿತಲ್ವಾ?

ಮೈಕ್ರೋಸ್ಕೋಪ್ ಮಾಡಿದವರಿಗೆ ನೊಬೆಲ್ ಧಾರಾಳವಾಗಿ ಬಂದಿದೆ. 1953ರಲ್ಲಿ ಜೆರ್ನಿಕೆ, 1986ರಲ್ಲಿ ರುಸ್ಕಾ, 2014ರಲ್ಲಿ ಬೆಟ್ಜಿಗ್, ಹೆಲ್, ಮೋರ್ನರ್. 2017ರಲ್ಲಿ ಮೂವರಲ್ಲಿ ಒಬ್ಬರಾದ ಯೋಆಕಿಂ ಫ್ರಾಂಕ್ ಅವರಿಗೆ ಬಂದದ್ದು ಮಾತ್ರ ಮಸುಕು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಮೂರು ಆಯಾಮದ ರೂಪ ತೆಗೆಯುವ ದಾರಿ ಹುಡುಕಿದ್ದಕ್ಕೆ. ಅಂದರೆ ಈ ಕೆಲಸ ವಿಜ್ಞಾನವೇ ಅಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ನಮ್ಮಲ್ಲಿ ಹೇಳುತ್ತಾರೆ. ನಮ್ಮ ವಿಭಾಗದ ಒಬ್ಬ ಯುವ ಅಧ್ಯಾಪಕರು 2022ರ ಮಳೆಗಾಲ ಕಳೆದ ಮೇಲೆ ಎಲೆಚುಕ್ಕಿ ಅಳೆಯಲು ಇಮೇಜ್‌ಜೆ ಒಳಗೇ ಓಡುವ ಸಣ್ಣ ಪ್ರೋಗ್ರಾಂ ಬರೆದರು. ಅಡಿಕೆ ಎಲೆಯನ್ನು ಸ್ಕ್ಯಾನರ್ ಮೇಲಿಟ್ಟರೆ ಹಸಿರೆಷ್ಟು, ಕಂದು ಎಷ್ಟು ಅಂತ ಹೇಳುತ್ತಿತ್ತು. ಕೇಳಿದವರಿಗೆಲ್ಲ ಕೊಟ್ಟರು. ಆ ವರ್ಷದ ಸಾಧನೆಯ ಫಾರಂ ತುಂಬುವಾಗ ಇದನ್ನು ಯಾವ ಕಾಲಂನಲ್ಲಿ ಬರೆಯೋದು ಅಂತ ಕೇಳಿದರು. ಪ್ರಬಂಧ, ಪುಸ್ತಕ, ವಿಚಾರಸಂಕಿರಣ, ಎಲ್ಲಕ್ಕೂ ಕಾಲಂ ಇತ್ತು. ಆಫೀಸಿನವರು 'ಇತರೆ'ಯಲ್ಲಿ ಬರೀರಿ ಅಂದರು. 'ಇತರೆ'ಗೆ ಅಂಕ ಇರಲಿಲ್ಲ. ಮಾರನೆಯ ವರ್ಷ ಅವರು ಪ್ರೋಗ್ರಾಂ ಕಡೆ ತಲೆ ಹಾಕಲಿಲ್ಲ, ಎರಡು ಪ್ರಬಂಧ ಬರೆದರು. ಅವರನ್ನು ದೂರುವುದು ಹೇಗೆ? ಆದರೆ ಸಾಫ್ಟ್‌ವೇರ್ ಅಂದರೆ ತೋಟದ ಬಸಿಗಾಲುವೆ ಇದ್ದ ಹಾಗೆ. ಒಂದು ವರ್ಷ ಬಿಟ್ಟರೆ ಹೂಳು. ಕಂಪ್ಯೂಟರ್ ಹೊಸದಾದಾಗ ಆ ಪ್ರೋಗ್ರಾಂ ಓಡಲಿಲ್ಲ.

ಕರ್ನಾಟಕಕ್ಕೆ ಇಂಥವರನ್ನು ಗೌರವಿಸಿ ಗೊತ್ತೇ ಇಲ್ಲ ಅಂತಲ್ಲ. ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿ ಉಚಿತವಾಗಿ ಬಿಟ್ಟುಕೊಟ್ಟ ಕೆ.ಪಿ. ರಾವ್ ಅವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿದೆ. ಈ ಪತ್ರವನ್ನು ನಾನು ಟೈಪ್ ಮಾಡುತ್ತಿರುವುದೂ ಅವರ ಕೀಲಿಮಣೆಯಲ್ಲೇ. ಅದೇ ಕಣ್ಣಿನಿಂದ ವಿಜ್ಞಾನದ ಮುಕ್ತ ಸಾಫ್ಟ್‌ವೇರ್ ಬರೆಯುವವರನ್ನೂ ನೋಡಿ ಅನ್ನುವುದಷ್ಟೇ ನನ್ನ ಕೋರಿಕೆ. ರಾಜ್ಯೋತ್ಸವ ಪಟ್ಟಿಯಲ್ಲಿ ವಿಜ್ಞಾನಕ್ಕೆ ಜಾಗ ಇದೆ, ಅಲ್ಲಿ ಇಂಥವರ ಹೆಸರೂ ಬರಲಿ. ವಿಶ್ವವಿದ್ಯಾಲಯಗಳು ಆ ಫಾರಂಗೆ ಒಂದು ಕಾಲಂ ಸೇರಿಸಲಿ, ಅದಕ್ಕೆ ಅಂಕವೂ ಇರಲಿ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ಪ್ರಾಜೆಕ್ಟ್ ವರದಿಯಲ್ಲಿ ಗೈಡಿಗೆ, ಅಪ್ಪ ಅಮ್ಮನಿಗೆ, ದೇವರಿಗೆ, ಬೈಂಡಿಂಗ್ ಮಾಡಿಕೊಟ್ಟ ಅಂಗಡಿಯವರಿಗೂ ಕೃತಜ್ಞತೆ ಹೇಳುತ್ತೀರಿ. ನನ್ನ ಹೆಸರನ್ನೂ ಎಷ್ಟೋ ಜನ ಬರೆದಿದ್ದೀರಿ, ಸಂತೋಷ. ಚಿತ್ರ ಅಳೆದ ಸಾಫ್ಟ್‌ವೇರ್ ಯಾವುದು, ಎಷ್ಟನೇ ಆವೃತ್ತಿ, ಬರೆದವರು ಯಾರು ಅಂತಲೂ ಬರೆಯಿರಿ. ಒಂದೂವರೆ ಸಾಲು ಆಗುತ್ತದೆ, ಅಷ್ಟೇ.

ಇತಿ,
ನಿವೃತ್ತ ಲ್ಯಾಬ್ ಅಸಿಸ್ಟೆಂಟ್,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ