ಅರಳು ಮರಳು ಅಂತ ನಗುವ ಮುಂಚೆ

ಮಾನ್ಯರೆ,

ಹಿರಿಯರು ಏನಾದರೂ ಮರೆತರೆ 'ಅರವತ್ತಕ್ಕೆ ಅರಳು ಮರಳು' ಅಂತ ನಕ್ಕು ಸುಮ್ಮನಾಗುತ್ತೇವೆ ಅಲ್ವಾ? ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಔಷಧಶಾಸ್ತ್ರ ಪ್ರಾಧ್ಯಾಪಕ ಮಾರ್ಕ್ ನೆಲ್ಸನ್ ಅವರ ಕೆಲಸದ ಬಗ್ಗೆ ಓದಿದ ಮೇಲೆ ನನಗೆ ಆ ನಗು ಬರುತ್ತಿಲ್ಲ.

ಮಿದುಳಿನ ತೂಕ ದೇಹದ ಶೇ 2ರಷ್ಟೇ. ಆದರೆ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು, ಕೂಡಿಟ್ಟುಕೊಳ್ಳುವ ಅಭ್ಯಾಸ ಬೇರೆ ಇಲ್ಲ. ಹಾಗಾಗಿ ಕೆಲಸ ನಡೆಯುವ ಜಾಗಕ್ಕೆ ಆ ಕ್ಷಣವೇ ರಕ್ತ ಹರಿಯಬೇಕು. ರಕ್ತನಾಳದ ಸ್ನಾಯುವಿನಲ್ಲಿ ಮಿಂಚಿ ಮಾಯವಾಗುವ ಕ್ಯಾಲ್ಸಿಯಂ ಕಿಡಿಗಳು ನಾಳವನ್ನು ಸಡಿಲಿಸುತ್ತವೆ ಅಂತ ಅವರ ತಂಡ 1995ರಲ್ಲಿ ತೋರಿಸಿತು. 2017ರಲ್ಲಿ ಅವರ ತಂಡ ತೋರಿಸಿದ್ದು ನನಗೆ ಇನ್ನೂ ಇಷ್ಟವಾಯಿತು: ಕೂದಲಿಗಿಂತ ಸಣ್ಣ ರಕ್ತನಾಳಗಳಾದ ಲೋಮನಾಳಗಳು ಸುಮ್ನೆ ಪೈಪುಗಳಲ್ಲ, ನರಕೋಶ ಹೊರಬಿಟ್ಟ ಪೊಟ್ಯಾಸಿಯಂ ಗುರುತಿಸಿ ಮೇಲಿನ ನಾಳಕ್ಕೆ ವಿದ್ಯುತ್ ಸಂದೇಶ ಕಳಿಸುತ್ತವೆ, ಕೊನೆಯ ಗದ್ದೆಯವನು ಕೂಗಿದ ಕೂಡಲೇ ತೂಬು ಎತ್ತಿದ ಹಾಗೆ. ವಯಸ್ಸಾದಂತೆ, ಬಿಪಿ ಏರಿದಂತೆ ಈ ವ್ಯವಸ್ಥೆ ಸೊರಗುತ್ತದೆ, ನಾವು ನಗುವ ಮರೆವಿನ ಹಿಂದೆ ಇದೂ ಇರಬಹುದು.

ನಮ್ಮಪ್ಪ ಮಾತ್ರ 'ತಲೆನೋವೇ ಇಲ್ಲವಲ್ಲ' ಅಂತ ಬಿಪಿ ಮಾತ್ರೆಯನ್ನು ಕನ್ನಡಕದ ಡಬ್ಬಿಯಲ್ಲಿ ಬಚ್ಚಿಡುತ್ತಾರೆ. ಮೊನ್ನೆ ಹನ್ನೊಂದು ಸಿಕ್ಕವು! ದಯವಿಟ್ಟು ನಿಮ್ಮ ಆರೋಗ್ಯ ಪುಟದಲ್ಲಿ ಈ ವಿಷಯ ಬರೆಯಿರಿ, ಅವರಿಗೆ ನನ್ನ ಮಾತಿಗಿಂತ ಪೇಪರಿನ ಮೇಲೇ ನಂಬಿಕೆ ಜಾಸ್ತಿ.

– ನಿಮ್ಮ ಓದುಗ, ತುಮಕೂರು