ಪುಸ್ತಕದ ಬಸ್ಸು ಮತ್ತೆ ರಸ್ತೆಗೆ ಬಂತು, ನಿಮಗೆಲ್ಲ ಥ್ಯಾಂಕ್ಸ್

ನಮ್ಮ ಉಡುಪಿ ಕಡೆಯ ಪುಸ್ತಕದ ಬಸ್ಸು ಮತ್ತೆ ಓಡುತ್ತಿದೆ. ಚಾಸಿಯ (ಬಸ್ಸನ್ನು ಹೊರುವ ಅಡಿಯ ಚೌಕಟ್ಟಿನ) ಬಿರುಕು ಸರಿಯಾಗಿದೆ, ಎಫ್‌ಸಿ (ರಸ್ತೆಗಿಳಿಯಲು ಯೋಗ್ಯ ಅನ್ನುವ ಸರ್ಟಿಫಿಕೇಟು) ಸಿಕ್ಕಿದೆ, ಕಳೆದ ಶನಿವಾರ ಬಾರ್ಕೂರಿಗೆ ಹೋಗಿ ಬಂದದ್ದೂ ಆಯಿತು. ಇದರ ಹಿಂದೆ ಎಷ್ಟು ಜನ ಇದ್ದಾರೆ ಅಂತ ಎಲ್ಲರ ಎದುರು ಹೇಳಲೇಬೇಕು. ಕೆಲವರು ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಓದುವಾಗ ಅವರವರಿಗೆ ಗೊತ್ತಾಗುತ್ತದೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಇದು ಕಾರ್ಕಳ ಕಡೆ ಸರ್ವೀಸ್ ಮಾಡುತ್ತಿದ್ದ ಹಳೇ ಬಸ್ಸು. ಸೀಟು ತೆಗೆದು ಕಪಾಟು ಕೂರಿಸಿ, ಆರ್‌ಸಿಯಲ್ಲಿ ಬದಲಾವಣೆ ಬರೆಸಿ, ಊರೂರಿಗೆ ಪುಸ್ತಕ ಒಯ್ಯುತ್ತಿದ್ದೇವೆ.

ಮೊದಲ ಥ್ಯಾಂಕ್ಸ್ ನಮ್ಮ ಡ್ರೈವರ್ ಅಣ್ಣನಿಗೆ. ರೂಟ್ ಬಸ್ಸು ಓಡಿಸಿ ನಿವೃತ್ತರಾದವರು. ಹಿಂದಿನ ಬಾಗಿಲು ಚಿಲಕಕ್ಕೆ ಸರಿಯಾಗಿ ಕೂರುತ್ತಿಲ್ಲ ಅಂತ ಅವರಿಗೆ ಅನುಮಾನ ಬಂತು. ನಾವೆಲ್ಲ ಬಾಗಿಲು ನೋಡಿದೆವು, ಚಾಸಿ ಬಾಗಿರಬಹುದು ಅಂತ ಅವರು ಬಸ್ಸಿನ ಅಡಿಗೆ ಹೋದರು. ಎದ್ದು ಬಂದು, "ಇನ್ನು ಇದು ಟೋಯಿಂಗ್ ಗಾಡಿಯಲ್ಲೇ ಹೋಗ್ಬೇಕು, ನಾನು ಓಡಿಸುವುದಿಲ್ಲ" ಅಂದರು. ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೇ ಬಸ್ಸು ಅಲ್ಲೇ ನಿಂತಿತು.

ಚಾಸಿಗೆ ಎರಡು ಉದ್ದದ ಚಾನೆಲ್, ಅಂದರೆ ಇಂಗ್ಲಿಷಿನ C ಆಕಾರದ ಉಕ್ಕಿನ ತೊಲೆಗಳು, ಇರುತ್ತವೆ. ಎಡಗಡೆಯ ಚಾನೆಲ್‌ನಲ್ಲಿ, ಹಿಂದಿನ ಸ್ಪ್ರಿಂಗಿನ ಬ್ರಾಕೆಟಿಗಿಂತ ಸ್ವಲ್ಪ ಮುಂದೆ, ಬಿರುಕು ಬಿಟ್ಟಿತ್ತು. ಪುಸ್ತಕದ ಭಾರಕ್ಕೆ ಹೀಗಾಯ್ತಾ ಅಂತ ತುಂಬಾ ಜನ ಕೇಳಿದರು. ಅಲ್ಲ. ಬೆಳಗ್ಗೆ ಕಾಲೇಜು ಮಕ್ಕಳು ತುಂಬಿ ನಿಂತ ಬಸ್ಸಿನ ಭಾರದ ಮುಂದೆ ನಮ್ಮ ಕಪಾಟಿನ ಭಾರ ಏನೂ ಅಲ್ಲ. ಬಸ್ಸು ನಮ್ಮ ಕೈಗೆ ಬರುವ ಎಷ್ಟೋ ಮೊದಲು ಯಾರೋ ಅಲ್ಲಿ ಒಂದು ಪ್ಲೇಟ್ ವೆಲ್ಡ್ ಮಾಡಿದ್ದರು. ಪ್ಲೇಟಿನ ತುದಿ ನೇರ ಕತ್ತರಿಸಿದ್ದು, ಅಡ್ಡಕ್ಕೆ ವೆಲ್ಡಿಂಗ್. ಗಟ್ಟಿ ಭಾಗ ಒಮ್ಮೆಲೇ ಮುಗಿದು ಬರೀ ಚಾನೆಲ್ ಶುರುವಾಗುವ ಜಾಗದಲ್ಲೇ ಬಾಗುವ ಒತ್ತಡವೆಲ್ಲ ಬಂದು ಸೇರುತ್ತದೆ. ಸರಿಯಾಗಿ ಅಲ್ಲಿಂದಲೇ ಬಿರುಕು ಎದ್ದಿತ್ತು. ಸಾಲದ್ದಕ್ಕೆ ಪ್ಲೇಟ್ ಮತ್ತು ಚಾನೆಲ್ ನಡುವೆ ನೀರು ನಿಂತು ತುಕ್ಕು ಹಿಡಿದಿತ್ತು. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಎರಡನ್ನೂ ನೂಕಿ ಉಬ್ಬಿಸಿಬಿಟ್ಟಿತ್ತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರು, ಮೇಲಿಂದ ಕಡಲಿನ ಉಪ್ಪುಗಾಳಿ. ನಮ್ಮಲ್ಲಿ ಹಳೇ ಬಸ್ಸು ಕೆಳಗಿನಿಂದಲೇ ಹಾಳಾಗುವುದು.

"ಇನ್ನೊಂದು ಪ್ಲೇಟ್ ಹೊಡೆದು ಕೊಡ್ತೇವೆ, ಸಂಜೆಯೊಳಗೆ ತೆಕ್ಕೊಂಡು ಹೋಗಿ" ಅಂದವರೂ ಇದ್ದರು. ಹಣ ಕಡಿಮೆ, ಕೆಲಸ ಬೇಗ. ಅದು ಬೇಡ ಅಂತ ತಡೆದದ್ದು ಮಲ್ಪೆಯ ವೆಲ್ಡರ್ ಅಣ್ಣ. ಈ ಬರಹದಲ್ಲಿ ಜಾಸ್ತಿ ಜಾಗ ಅವರಿಗೇ ಸಲ್ಲಬೇಕು. ಅವರ ಕಸುಬು ಸ್ಟೀಲ್ ಬೋಟುಗಳದ್ದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬೋಟಿನ ರಿಪೇರಿ ಎಲ್ಲ ಆಗುವುದು ಆ ಎರಡು ತಿಂಗಳಲ್ಲೇ. ಅವರಿಗೆ ವರ್ಷದ ದುಡಿಮೆಯ ಕಾಲ ಅದು. ಅಂಥ ಹೊತ್ತಿನಲ್ಲಿ ಹಗಲಿಡೀ ಬಂದರಿನಲ್ಲಿ ದುಡಿದು, ರಾತ್ರಿ ಬಸ್ಸು ನಿಂತಿದ್ದ ಸಂತೆಕಟ್ಟೆಯ ಗ್ಯಾರೇಜಿಗೆ ಬಂದು ನಮ್ಮ ಬಸ್ಸಿನ ಅಡಿಗೆ ಇಳಿಯುತ್ತಿದ್ದರು. "ಮಕ್ಕಳು ಒಳಗೆ ಕೂತಿರುವಾಗ ತುಂಡಾದ್ರೆ ಎಂತ ಮಾಡುದು ಮಾರಾಯ್ರೆ? ಮಾಡಿದ್ರೆ ಸರಿ ಮಾಡುವ" ಅಂದರು. ಆಮೇಲೆ ವಾದ ಇರಲಿಲ್ಲ.

ಹಳೇ ಪ್ಲೇಟ್ ಪೂರ್ತಿ ಕಿತ್ತರು. ಜಾಕಿ, ಸ್ಟ್ಯಾಂಡ್ ಕೊಟ್ಟು ಚಾಸಿಯನ್ನು ನೇರಕ್ಕೆ ತಂದರು. ಪೇಂಟ್ ಕೆರೆದು, ಬಿರುಕಿನೊಳಗೆ ಇಳಿಯುವ ಕೆಂಪು ಡೈ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆದರು. ನಾವೆಲ್ಲ ಪಿಟ್ಟಿನಲ್ಲಿ (ಗಾಡಿಯ ಅಡಿ ನೋಡಲು ಇಳಿಯುವ ಗುಂಡಿಯಲ್ಲಿ) ಟಾರ್ಚ್ ಹಿಡಿದು ನಿಂತಿದ್ದೆವು. ಬಿಳಿಯ ಮೇಲೆ ನಿಧಾನಕ್ಕೆ ಒಂದು ಕೆಂಪು ಗೆರೆ ಒಸರಿತು. ಕಣ್ಣಿಗೆ ಕಂಡದ್ದು ಬೆರಳುದ್ದದ ಬಿರುಕು. ಗೆರೆ ಮಾತ್ರ ಚಾನೆಲ್‌ನ ಕೆಳಮಡಿಕೆ ದಾಟಿ, ಮೂಲೆ ತಿರುಗಿ, ನೆಟ್ಟಗಿನ ಭಾಗದಲ್ಲಿ ಮೇಲಕ್ಕೆ ಏರಿತ್ತು. ಮೇಲಿಂದ ಪ್ಲೇಟ್ ಹೊಡೆದಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ, ಅಲ್ವಾ?

ಗೆರೆಯ ಕೊನೆಯಲ್ಲಿ ಬಿರುಕು ಮುಂದೆ ಓಡದ ಹಾಗೆ ತೂತು ಕೊರೆದರು. ಬಿರುಕಿನ ಉದ್ದಕ್ಕೂ ಗ್ರೈಂಡರಿನಲ್ಲಿ ಓರೆಯಾಗಿ ತೋಡಿ, ವೆಲ್ಡಿಂಗ್ ಬುಡದವರೆಗೆ ಇಳಿಯುವಂತೆ ಮಾಡಿದರು. ಬ್ಯಾಟರಿ, ಆಲ್ಟರ್ನೇಟರ್ ವೈರ್ ಬಿಚ್ಚಿಸಿದ ಮೇಲೆಯೇ ಮೆಷಿನ್ ಮುಟ್ಟಿದ್ದು. ಅರ್ತಿಂಗ್ ಕ್ಲಾಂಪನ್ನು ವೆಲ್ಡಿಂಗ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿದರು, ಇಲ್ಲದಿದ್ದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನು ಕೆಡಿಸಬಹುದಂತೆ. ವೆಲ್ಡಿಂಗ್ ರಾಡ್ 7018 ನಂಬರಿನದು. ಮಳೆಗಾಲದಲ್ಲಿ ತೆರೆದಿಟ್ಟ ಹಪ್ಪಳದ ಹಾಗೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆ ತೇವದಿಂದ ವೆಲ್ಡಿಂಗ್ ಒಳಗೆ ಹೈಡ್ರೋಜನ್ ಸೇರಿ, ತಣಿದ ಮೇಲೆ ಹೊಸ ಬಿರುಕು ಹುಟ್ಟಬಹುದು. ಅದಕ್ಕೆ ಅವರು ರಾಡನ್ನು ಓವನ್ನಿನಲ್ಲಿ ಒಣಗಿಸಿ, ಬಿಸಿ ಡಬ್ಬಿಯಲ್ಲಿಟ್ಟು, ಒಂದೊಂದಾಗಿ ತೆಗೆದು ಬಳಸಿದರು. ತುಂಡು ತುಂಡಾಗಿ ವೆಲ್ಡ್ ಮಾಡಿ, ನಡುನಡುವೆ ಕಿಟ್ಟ ಕುಟ್ಟಿ ತೆಗೆದು, ಕೊನೆಗೆ ಚಾನೆಲ್‌ಗೆ ಸಮವಾಗಿ ಗ್ರೈಂಡ್ ಮಾಡಿದರು. ಕೈಯಾಡಿಸಿದರೆ ಜೋಡಿಸಿದ ಜಾಗ ಸಿಗುವುದಿಲ್ಲ. ಮತ್ತೊಮ್ಮೆ ಕೆಂಪು ಡೈ ಹಚ್ಚಿದಾಗ ಬಿಳಿ ಬಿಳಿಯಾಗೇ ಉಳಿಯಿತು. ಪಿಟ್ಟಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದೆವು.

ಒಳಗಿನಿಂದ ಕೊಡುವ ಬಲದ ಪ್ಲೇಟಿನ ಡ್ರಾಯಿಂಗ್ ಮಾಡಿಕೊಟ್ಟದ್ದು ನಿವೃತ್ತ ಮೆಕ್ಯಾನಿಕಲ್ ಮೇಷ್ಟ್ರು. ಬಿರುಕಿನಿಂದ ಆಚೀಚೆ ಸಾಕಷ್ಟು ದೂರ ಹೋಗಬೇಕು, ಎರಡೂ ತುದಿ ಓರೆಯಾಗಿರಬೇಕು, ಮಡಿಕೆಗೆ ಒಂದು ತೂತೂ ಕೊರೆಯಬಾರದು, ನೆಟ್ಟಗಿನ ಭಾಗಕ್ಕೆ ಮಾತ್ರ ಹೈ ಟೆನ್ಸೈಲ್ ಬೋಲ್ಟ್. ಸಾರ್, ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿ ಬಸ್ಸಿನಲ್ಲೇ ಇಟ್ಟಿದ್ದೇವೆ. ಮುಂದೆ ಯಾರಾದರೂ ಅಡಿಗೆ ಕೈ ಹಾಕುವ ಮೊದಲು ಅದನ್ನು ನೋಡಲಿ.

ಗ್ಯಾರೇಜಿನ ಮೇಸ್ತ್ರಿಯವರು ಮಳೆಗಾಲದ ನಡುವೆ ತಮ್ಮ ಒಂದೇ ಒಂದು ಪಿಟ್ಟನ್ನು ನಮಗೆ ಬಿಟ್ಟುಕೊಟ್ಟರು. ಎಷ್ಟು ಗಾಡಿ ವಾಪಸ್ ಕಳಿಸಿದರೋ, ಲೆಕ್ಕ ಹೇಳಲಿಲ್ಲ. ಅವರ ಹುಡುಗರು ಸಡಿಲಾದ ರಿವೆಟ್ ತೆಗೆದು ಬೋಲ್ಟ್ ಹಾಕಿದರು, ಇಡೀ ಚಾಸಿಗೆ ಜಿಂಕ್ ಪ್ರೈಮರ್ ಬಳಿದರು. ಊಟದ ಹೊತ್ತಿಗೆ ನಮ್ಮನ್ನೂ ಕರೆದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಕೊಟ್ಟವರು ಮೇಸ್ತ್ರಿಯವರ ಮನೆಯ ಅಕ್ಕ.

ಮಹಿಳಾ ಮಂಡಲದ ಅಕ್ಕಂದಿರಿಗೆ ಹೇಗೆ ಥ್ಯಾಂಕ್ಸ್ ಹೇಳುವುದು ಅಂತಲೇ ಗೊತ್ತಾಗುತ್ತಿಲ್ಲ. ಬಸ್ಸು ಖಾಲಿ ಮಾಡಬೇಕಾದಾಗ ಪುಸ್ತಕ ಎಲ್ಲಿಡುವುದು ಅನ್ನುವುದೇ ದೊಡ್ಡ ಚಿಂತೆಯಾಗಿತ್ತು. ಜುಲೈಯಲ್ಲಿ ನಮ್ಮೂರಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಅವರು ಮಂಡಲದ ಕೋಣೆ ಬಿಟ್ಟುಕೊಟ್ಟು, ಪುಸ್ತಕಗಳನ್ನು ಗೋಡೆಗೆ ತಾಗದಂತೆ ಬೆಂಚಿನ ಮೇಲಿಟ್ಟು, ಹಗಲೂ ರಾತ್ರಿ ಬಲ್ಬ್ ಉರಿಸಿದರು. ದಿನಾ ಯಾರಾದರೊಬ್ಬರು ಬಂದು ಪುಟ ತಿರುವಿ ಗಾಳಿ ಆಡಿಸುತ್ತಿದ್ದರು. ಒಂದು ಪುಸ್ತಕವೂ ಹಾಳಾಗಿಲ್ಲ.

ಮುಂಬೈಯಿಂದ, ಗಲ್ಫಿನಿಂದ ಹಣ ಕಳಿಸಿದವರಿಗೆ, ಡಬ್ಬಿ ಒಡೆದು ಚಿಲ್ಲರೆ ತಂದುಕೊಟ್ಟ ಮಕ್ಕಳಿಗೆ, ಎಲ್ಲರಿಗೂ ನಮಸ್ಕಾರ. ಬಿಲ್ಲುಗಳನ್ನು ಬಸ್ಸಿನ ಬಾಗಿಲ ಪಕ್ಕ ಅಂಟಿಸಿದ್ದೇವೆ, ಓದಿ ನೋಡಿ. ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರ್ ಅವಸರ ಮಾಡದೆ ಅಡಿಗೆ ಬಗ್ಗಿ ಎಲ್ಲ ನೋಡಿದರು, ಅವರಿಗೂ ಕೃತಜ್ಞತೆ.

ಬಸ್ಸು ಓಡಿದ ಮೇಲೆ ಹೊಸ ಬೋಲ್ಟುಗಳು ಸ್ವಲ್ಪ ಕೂತು ಸಡಿಲಾಗುತ್ತವೆ, ಹಾಗಾಗಿ ಆಗಾಗ ಬಿಗಿ ನೋಡಬೇಕು. ಆ ಕೆಲಸಕ್ಕೆ ಐಟಿಐಯ ಇಬ್ಬರು ಹುಡುಗರು ಒಪ್ಪಿದ್ದಾರೆ. ಈ ಶನಿವಾರ ಬಸ್ಸು ಹೆಬ್ರಿಗೆ ಬರುತ್ತದೆ, ಮುಂದಿನ ವಾರ ಶಿರ್ವಕ್ಕೆ. ಬಸ್ಸು ನಿಂತಾಗಿನಿಂದ ಪುಸ್ತಕ ಮನೆಯಲ್ಲೇ ಉಳಿದವರು ತಂದುಕೊಡಿ, ಫೈನ್ ಇಲ್ಲ. ಓದಿ ಮುಗಿಯದಿದ್ದರೆ ಇಟ್ಟುಕೊಳ್ಳಿ, ರಿಜಿಸ್ಟರಿನಲ್ಲಿ ತಾರೀಕು ಮಾತ್ರ ಬದಲಿಸಿ ಹೋಗಿ.