ಪಿಟೀಲಿನ ಚಿಂತೆ ಬಿಡು ಅಮ್ಮ

ಗಾಲ್ವೇ, ಐರ್ಲೆಂಡ್
11 ಫೆಬ್ರವರಿ 2026

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ, ಅಲ್ಲೂ ಎಲ್ಲ ಕ್ಷೇಮ ಅಂದುಕೊಂಡಿದೀನಿ ಅಂತ ಬರೆಯೋಕೆ ಹೊರಟೆ. ನಿನ್ನ ಕಾಗದ ಓದಿದ ಮೇಲೆ ಕೈ ಓಡಲಿಲ್ಲ.

ಸುನಿ ಅದರ ಫೋಟೋ ತೆಗೆದು ಕಳಿಸಿದ. ನಾಲ್ಕು ಪುಟದಲ್ಲಿ ಮೂರೂವರೆ ಪುಟ ನನ್ನ ಪಿಟೀಲಿಗೆ ಬೈಗುಳ, ಅಪ್ಪನ ವಿಷಯ ಕೊನೆಗೆ ಐದು ಸಾಲು. ಫೋನಿನಲ್ಲಿ ಅವರು ಪಕ್ಕದಲ್ಲೇ ಇರ್ತಾರೆ, ಹೇಳೋಕೆ ಆಗಲ್ಲ ಅಂತೀಯ, ಸರಿ. ನಾನೂ ನಿನ್ನ ಕ್ರಮದಲ್ಲೇ ಉತ್ತರ ಕೊಡ್ತೀನಿ. ಇಲ್ಲದಿದ್ದರೆ ಪಿಟೀಲಿನ ಮಾತು ಹಾರಿಸಿಬಿಟ್ಟಳು ಅಂತೀಯ.

ಮೊದಲು ದುಡ್ಡು. ಎರಡು ಲಕ್ಷ ಕೊಟ್ಟು ತಗೊಂಡೆ ಅಂತ ಸೀತಮ್ಮತ್ತೆ ಕಿವಿಗೆ ಊದಿದವರು ಯಾರೋ ನಾನು ಕಾಣೆ. ನಮ್ಮ ವಾರ್ಡಿನಿಂದ ರಿಟೈರ್ ಆದ ನರ್ಸ್ ಒಬ್ಬರು ತಮ್ಮ ಹಳೇ ಪಿಟೀಲನ್ನ 150 ಯೂರೋಗೆ ಕೊಟ್ಟರು. ನಮ್ಮ ಲೆಕ್ಕದಲ್ಲಿ 15-16 ಸಾವಿರ. ಪೆಟ್ಟಿಗೆ, ಕಮಾನು, ಅರ್ಧ ಸವೆದ ರಾಳದ ಬಿಲ್ಲೆ ಎಲ್ಲ ಸೇರಿ. ನೀನು ಹೋದ ವರ್ಷ ತಗೊಂಡ ಮಿಕ್ಸಿ, ಕುಕ್ಕರು ಎರಡೂ ಸೇರಿದರೆ ಇದರ ಹತ್ತಿರ ಬರುತ್ತೆ, ನಾನೇನಾದ್ರೂ ಕೇಳಿದೆನಾ?

ಎರಡನೇದು ಪಬ್ಬು. 'ಮಗಳು ಬಾರಲ್ಲಿ ಕೂತು ಪಿಟೀಲು ಬಾರಿಸ್ತಾಳೆ ಅಂತ ನೆಂಟರಿಗೆ ಹೇಗೆ ಹೇಳಲಿ' ಅಂತ ಬರೆದಿದೀಯ. ನೀನು ಅಂದುಕೊಂಡಿರೋ ಪರದೆ ಎಳೆದ ಬಾರ್ ಅಲ್ಲಮ್ಮ ಅದು. ಇಲ್ಲಿ ಪಬ್ಬು ಅಂದರೆ ಊರಿನವರು ಬಂದು ಕೂರೋ ಜಗಲಿ. 2004ರಿಂದ ಒಳಗೆ ಯಾರೂ ಸಿಗರೇಟು ಹಚ್ಚೋ ಹಾಗಿಲ್ಲ, ಇಡೀ ದೇಶದಲ್ಲಿ. ಮೊಮ್ಮಕ್ಕಳು ಅಜ್ಜನ ಪಕ್ಕ ಕೂತು ಕೊಳಲು ಊದ್ತಾರೆ, ರಾತ್ರಿ ಒಂಬತ್ತಾದ ತಕ್ಷಣ, ಬೇಸಿಗೆಯಲ್ಲಾದರೆ ಹತ್ತಕ್ಕೆ, ಅವರನ್ನ ಮನೆಗೆ ಕಳಿಸಬೇಕು ಅಂತ ಕಾನೂನೇ ಇದೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಮೂಲೆಯ ಮೇಜಿನ ಸುತ್ತ ಹತ್ತು ಜನ ಕೂತು ನುಡಿಸ್ತಾರೆ, ಗೊತ್ತಿಲ್ಲದ ಮಟ್ಟು ಬಂದರೆ ವಾದ್ಯ ತೊಡೆ ಮೇಲಿಟ್ಟು ಸುಮ್ಮನೆ ಕೇಳಬೇಕು. ನನಗೆ ಬರೋದು ಮೂರೇ ಮಟ್ಟು, ಹಾಗಾಗಿ ಎರಡು ಗಂಟೆಯಲ್ಲಿ ಮುಕ್ಕಾಲು ಪಾಲು ನಾನು ತೊಡೆ ಮೇಲಿಟ್ಟುಕೊಂಡೇ ಕೂತಿರ್ತೀನಿ. ನನ್ನ ಮುಂದೆ ಇರೋದು ಟೀ. ಕಾಫಿ ಬೆಳೆಗಾರರ ಮಗಳು ಟೀ ಕುಡೀತಾಳಲ್ಲ ಅಂತ ಬೇಕಾದರೆ ನಾಚಿಕೆ ಪಡು.

'ಕಲಿಯೋದಾದರೆ ನಮ್ಮ ಸಂಗೀತ ಕಲಿ, ಅವರದ್ದು ಯಾಕೆ' ಅಂದಿದೀಯ. ಪಿಟೀಲೇ ನಮ್ಮದಲ್ಲವಲ್ಲ ಅಮ್ಮ! ಇಂಗ್ಲಿಷರ ಕಾಲದಲ್ಲಿ ಬಾಲುಸ್ವಾಮಿ ದೀಕ್ಷಿತರು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ, 1786ರಲ್ಲಿ ಹುಟ್ಟಿದವರು. ಅವರಿಗೆ ಯಾವ ಸೀತಮ್ಮತ್ತೆ ಏನು ಹೇಳಿದ್ದರೋ. ಅಪ್ಪ ನಮ್ಮನ್ನ ಜೀಪಿನಲ್ಲಿ ಕೂರಿಸಿಕೊಂಡು ರುದ್ರಪಟ್ಟಣಕ್ಕೆ ಹೋಗಿದ್ದರಲ್ಲ, ತಂಬೂರಿ ಆಕಾರದ ಗುಡಿ ನೋಡೋಕೆ? ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು ಇದು, ಅವರಣ್ಣ ದೊಡ್ಡ ಪಿಟೀಲು ವಿದ್ವಾಂಸರು ಅಂತ ಅಪ್ಪ ಹೇಳಿದ್ದೇ ಹೇಳಿದ್ದು. ಹಿಂದಿನ ಸೀಟಲ್ಲಿ ವಾಂತಿ ಮಾಡಿಕೊಂಡಿದ್ದ ಸುನಿಗೆ ಅದು ನೆನಪಿರಲಿಕ್ಕಿಲ್ಲ. ಬಂದ ಮಾರನೇ ವಾರವೇ ನನ್ನನ್ನ ಸಕಲೇಶಪುರದ ಮೇಷ್ಟ್ರ ಹತ್ತಿರ ಸೇರಿಸಿದ್ದರು. ಎಸ್ಸೆಸ್ಸೆಲ್ಸಿ ಬಂತು ಅಂತ ಅಲಂಕಾರದ ಶುರುವಿನ ಪಾಠಕ್ಕೇ ನಿಲ್ಲಿಸಿದ್ದು ನೀನು.

ಆ ಅಲಂಕಾರವೇ ಇಲ್ಲಿ ನನ್ನ ಮಾನ ಉಳಿಸಿದ್ದು. ಚರ್ಚಿನ ಹಾಲ್‌ನಲ್ಲಿ ಮಂಗಳವಾರ ಸಂಜೆ ಪಾಠ, ಎಂಟು ಜನ, ನಾನೇ ಚಿಕ್ಕವಳು. ಮೊದಲ ದಿನ ಅಭ್ಯಾಸಬಲದಿಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆ ಬಲಗಾಲಿನ ಪಾದಕ್ಕೆ ಕೊಟ್ಟು ಕೂತುಬಿಟ್ಟೆ. ಎಲ್ಲರೂ ನುಡಿಸೋದು ಬಿಟ್ಟು ನನ್ನನ್ನೇ ನೋಡಿದರು. ಇವರದ್ದು ಕುರ್ಚಿಯ ಮೇಲೆ, ಗದ್ದದ ಕೆಳಗೆ, ತಲೆ ಗಾಳಿಯಲ್ಲಿ. ತಂತಿಯ ಶ್ರುತಿಯೂ ನಮ್ಮ ಸ-ಪ-ಸ-ಪ ಅಲ್ಲ, ಒಂದರಿಂದೊಂದು ಪಂಚಮದಷ್ಟು ಏರುತ್ತಾ ಹೋಗುತ್ತೆ. ಬೆರಳು ಇಟ್ಟಲ್ಲೆಲ್ಲ ತಪ್ಪು. ಗಮಕ ಹಾಕೋಕೆ ಹೋದರೆ ಇಷ್ಟು ಜಾರಬೇಡ ಅಂತ ಟೀಚರ್ ನಗ್ತಾರೆ.

ಆದರೆ ಪುಸ್ತಕ ಇಲ್ಲ! ಅವರು ಒಂದು ತುಂಡು ನುಡಿಸ್ತಾರೆ, ನಾವು ಹಿಂದೆ ನುಡಿಸಬೇಕು, ಥೇಟ್ ಮೇಷ್ಟ್ರ ಮನೆ. ಜಿಗ್ ಅಂತ ಒಂದು ಕುಣಿತದ ಮಟ್ಟಿದೆ, ಉಳಿದವರು ಒಂದು-ಎರಡು-ಮೂರು ಎಣಿಸಿ ಎಡವುತ್ತಿದ್ದರೆ ನಾನು ಮನಸ್ಸಿನಲ್ಲೇ ತಕಿಟ ತಕಿಟ ಅಂತ ಹೇಳಿಕೊಂಡು ದಾಟಿಬಿಟ್ಟೆ. ರೀಲ್ ಅನ್ನೋದು ತಕಧಿಮಿ. ಈಗ ನಮ್ಮ ಬ್ಯಾಚಿನ ರಿಟೈರ್ಡ್ ಪೋಸ್ಟ್‌ಮನ್ ಕೂಡ ತಕಿಟ ಅಂತಾರೆ, ಅವರ ಬಾಯಲ್ಲಿ ಅದು ಟಾಕಿಟಾ. ಸ್ವರಗಳೂ ಪರಕೀಯ ಅಲ್ಲ. ಕೆಲವಕ್ಕೆ ಶಂಕರಾಭರಣದ ಸ್ವರ, ಕೆಲವಕ್ಕೆ ಹರಿಕಾಂಭೋಜಿಯದ್ದು, ಮನಸ್ಸು ಭಾರ ಮಾಡೋ ಒಂದಷ್ಟಕ್ಕೆ ಖರಹರಪ್ರಿಯದ್ದು. ರಾಗ ಅಲ್ಲ, ಸ್ವರ ಮಾತ್ರ, ಮೇಷ್ಟ್ರಿಗೆ ಹೇಳಿದರೆ ಬೈತಾರೆ. ಇನ್ನೊಂದು ತಮಾಷೆ, ಈ ದೇಶದ ನಾಣ್ಯದ ಮೇಲೆ ಇರೋದು ರಾಜನ ತಲೆಯಲ್ಲ, ಹಾರ್ಪ್ ಅನ್ನೋ ತಂತಿವಾದ್ಯ. ನಾವು ವೀಣೆಯನ್ನ ಸರಸ್ವತಿಗೆ ಕೊಟ್ಟೆವು, ಇವರು ವಾದ್ಯವನ್ನ ಲಕ್ಷ್ಮಿಗೇ ಕೊಟ್ಟಿದ್ದಾರೆ.

ಹೋದ ತಿಂಗಳು ಹೀಟರ್ ಶಾಖಕ್ಕೆ ಮರ ಒಣಗಿ ಬಿರಡೆ ಜಾರೋಕೆ ಶುರುವಾಯ್ತು. ರಾತ್ರಿ ಶ್ರುತಿ ಮಾಡಿಟ್ಟರೆ ಬೆಳಿಗ್ಗೆಗೆ ತಂತಿ ಸಡಿಲ. ಆಗ ಮೇಷ್ಟ್ರು ನೆನಪಾದರು. ನಮ್ಮ ಜುಲೈ ಮಳೆಗೆ ಬಿರಡೆ ಉಬ್ಬಿ ತಿರುಗದೇ ಇದ್ದಾಗ ಒಣ ಸೋಪು ಉಜ್ಜುತ್ತಿದ್ದರು, ಬೇಸಿಗೆಯಲ್ಲಿ ಜಾರಿದರೆ ಸೀಮೆಸುಣ್ಣ. ಸೀಮೆಸುಣ್ಣ ಹುಡುಕಿ ಹಚ್ಚಿದೆ, ನಿಂತಿತು. ಅದನ್ನೇ ಭಾನುವಾರದ ರೆಕಾರ್ಡಿಂಗ್ ಜೊತೆ ಅಪ್ಪನಿಗೆ ಹೇಳಿ ಕಳಿಸಿದ್ದೆ.

ಇಲ್ಲಿಗೆ ಬಂದೆ ನೋಡು. ನಾನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಳಿಸ್ತೀನಿ, ನಿಮಗೆ ಮೂರೂವರೆ. ನಾಲ್ಕರೊಳಗೆ ಅಪ್ಪ ಕೇಳಿದರು ಅಂತ ನೀಲಿ ಗೀಟು ಬೀಳ್ತಿತ್ತು, ಹಿಂದೆಯೇ 'ಶ್ರುತಿ ನೋಡಿಕೊ' ಅಂತ ಒಂದು ಸಾಲು. ಸಂಕ್ರಾಂತಿ ಆದಮೇಲೆ ಗೀಟು ಬೀಳೋದು ಐದಾಯ್ತು, ಐದೂವರೆ ಆಯ್ತು. ಮೆಣಸು ಕೊಯ್ಲು, ಆಳುಗಳ ಬಟವಾಡೆ ಅಂದುಕೊಂಡೆ. ಅಪ್ಪ ಅದನ್ನ ಕೇಳೋಕೆ ಕಣದ ಹಿಂದಿನ ಗುಡ್ಡ ಹತ್ತಬೇಕು, ನೆಟ್‌ವರ್ಕ್ ಸಿಗೋದು ಅಲ್ಲೇ ಅನ್ನೋದು ನನಗೆ ಮರೆತೇ ಹೋಗಿತ್ತು. ಹಲಸಿನ ಮರದ ಹತ್ತಿರ ಒಂದು ಸಲ, ಟ್ಯಾಂಕಿನ ಹತ್ತಿರ ಒಂದು ಸಲ ಕೂತು ಹೋಗ್ತಾರೆ, ಚಳಿಯಲ್ಲೂ ಬೆವರ್ತಾರೆ ಅಂತ ನೀನು ಬರೆದಿದೀಯ. ಇದನ್ನ ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದ ಡಾಕ್ಟರಿಗೆ ಏನು ಹೇಳಲಿ.

ಹೆದರಬೇಡ. ನೂರಕ್ಕೆ ನೂರು ಏನೂ ಇರಲ್ಲ. ರಕ್ತ ಕಡಿಮೆ ಇದ್ದರೂ ಹೀಗಾಗುತ್ತೆ. ಆದರೆ ಹನ್ನೆರಡು ವರ್ಷದಿಂದ ಸಕ್ಕರೆ ಇರೋರಿಗೆ ಎದೆನೋವೇ ಇಲ್ಲದೆ ಬರೀ ಏದುಸಿರು, ಬೆವರು ಬರಬಹುದು, ನಾನು ದಿನಾ ನೋಡ್ತೀನಿ. ನೋವಿಲ್ಲ ಅಂತ ಅವರು ಹೇಳೋದನ್ನ ಲೆಕ್ಕಕ್ಕೆ ತಗೋಬೇಡ. ಮಲಗಿಸಿ ತೆಗೆದ ಇಸಿಜಿ ಸರಿ ಇತ್ತು ಅನ್ನೋದೂ ಸಾಲದು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು, ಇನ್ನೇನು ಪರೀಕ್ಷೆ ಬೇಕು ಅನ್ನೋದನ್ನ ಹೃದಯದ ಡಾಕ್ಟರೇ ಹೇಳಲಿ. ಹಾಸನ ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್, ಅಲ್ಲಿ ಬೇಡ ಅಂದರೆ ಸುನಿ ನೇರ ಮೈಸೂರಿನ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. ಮೆಣಸು ಕೊಯ್ಲು ಮುಗೀಲಿ ಅಂದರೆ ಒಪ್ಪಬೇಡ. ರೋಬಸ್ಟಾ ಹಣ್ಣು ಉದುರಿದರೆ ಉದುರಲಿ. ಕೂತಲ್ಲೇ ಉಸಿರು ಕಟ್ಟಿದ ಹಾಗಾದರೆ, ಬೆವರು ಕಿತ್ತುಕೊಂಡರೆ ಸುನಿಗೆ ಕಾಯಬೇಡ, ತಕ್ಷಣ 108ಕ್ಕೆ ಫೋನ್ ಮಾಡು. ಗುಡ್ಡ ಹತ್ತೋಕೆ ಆಗಲ್ಲ ಅಂದರೆ ಚಂದ್ರಣ್ಣನ ಮನೆ ಲ್ಯಾಂಡ್‌ಲೈನ್ ಇದೆ. ಹೀಗೆ ಬರೆದೆ ಅಂತ ಗಾಬರಿ ಆಗಬೇಡ, ಏನೂ ಆಗಲ್ಲ, ನನಗೆ ಗೊತ್ತು.

ಪೋಸ್ಟಿಗೆ ಹಾಕಿದರೆ ಎರಡು ವಾರ, ಅದಕ್ಕೆ ಇದರ ಫೋಟೋ ಸುನಿಗೆ ಕಳಿಸ್ತೀನಿ, ಶನಿವಾರ ಬರುವಾಗ ಪ್ರಿಂಟ್ ಹಾಕಿಸಿ ತರ್ತಾನೆ. ಸೋಮವಾರವೇ ಹೊರಡಿ. ಅವನ ಖಾತೆಗೆ 60 ಸಾವಿರ ಹಾಕಿದೀನಿ, ಇನ್ನೂ ಬೇಕಾದರೆ ಕೇಳೋಕೆ ಹೇಳು, ನನ್ನ ಹತ್ತಿರ ಇದೆ, ಬೇಕಾದಷ್ಟಿದೆ. ಮನೆಗೆ ವೈಫೈ ಹಾಕಿಸೋಕೂ ಹೇಳಿದೀನಿ. ಅಲ್ಲಿವರೆಗೆ ನಾನು ಭಾನುವಾರ ಏನೂ ಕಳಿಸಲ್ಲ. ಅಪ್ಪ ಕೇಳಿದರೆ ತಂತಿ ಹರಿದಿದೆ ಅನ್ನು.

ಚಿಕ್ಕಮಗಳೂರಿನ ಹುಡುಗನ ಫೋಟೋ ನೋಡಿದೆ. ಆಮೇಲೆ ಮಾತಾಡೋಣ.

ನೈಟ್ ಡ್ಯೂಟಿ, ಬಸ್ಸಿಗೆ ಹತ್ತೇ ನಿಮಿಷ ಇದೆ. ಸೀತಮ್ಮತ್ತೆಗೆ ಕೇಳಿದೆ ಅಂತ ಹೇಳು.

ನಿನ್ನ
ಶುಭಾ

ತಾ.ಕ.: ಅಪ್ಪ ಮೆಣಸಿನ ಏಣಿ ಹತ್ತೋದು ಬೇಡ. ಏಣಿಯನ್ನ ಚಂದ್ರಣ್ಣನ ಮನೆಗೆ ಕೊಟ್ಟುಬಿಡು.